ಬಿಳಿ ಕಲ್ಲು, ಕರಿ ಕಲ್ಲು, ಒಂದು ಮುದ್ದೆ

ಮನೆ ರಿಪೇರಿಗೆ ಕೈಹಾಕಿದವರ ಮನೆಯಲ್ಲಿ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮರಳಿನ ಜೊತೆಗೇ ಅದೂ ಬಂದು ಬೀಳುತ್ತದೆ. ಬಂಗಾರಪೇಟೆಯ ನಮ್ಮ ಮನೆಯ ಅಡಿಗೆಕಟ್ಟೆಯ ಕಡಪ ಕಲ್ಲು ಬಿರುಕು ಬಿಟ್ಟಾಗ ನಮಗೂ ಬಂತು. ಮದುವೆಯಾದಂದಿನಿಂದ ಕರಿ ಕಲ್ಲಿನ ಮೇಲೆ ಬೇಯಿಸಿದ್ದೇನೆ, ಈ ಸಲ ಬಿಳಿಯದೇ ಆಗಬೇಕು ಎಂಬುದು ನನ್ನ ಹಟ. "ಕರೀದಾದ್ರೆ ಕೊಳೆ ಕಾಣಾಕಿಲ್ಲ" ಎಂಬುದು ಅತ್ತೆಯ ಹಟ. ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ಪದವೀಧರೆ. ಕೊಳೆ ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ ಎಂದು ವಿವರಿಸಿದೆ. ಅತ್ತೆ ಎದ್ದು ಹೋಗಿ ಟಿ.ವಿ. ಹಾಕಿದರು.

ಯಜಮಾನರ ತೀರ್ಪು

ಕೊನೆಗೆ ಯಜಮಾನರನ್ನು ಕೂರಿಸಿ ಕೇಳಿದೆವು. ಎಡಗಡೆ ತಾಯಿ, ಬಲಗಡೆ ಹೆಂಡತಿ. ಪಾಪ, ತುಂಬಾ ಹೊತ್ತು ಸೂರು ನೋಡಿದರು.

"ಬೂದಿ ಬಣ್ಣ ಹಾಕಿಸೋಣ. ಇಬ್ಬರಿಗೂ ಅರ್ಧರ್ಧ ಆಯ್ತಲ್ಲ."

ಅಲ್ಲಿಯವರೆಗೆ ಮಾತು ಬಿಟ್ಟಿದ್ದ ಅತ್ತೆ ಸೊಸೆ ಆ ಕ್ಷಣವೇ ಒಂದಾದೆವು.

"ನೋಡಮ್ಮಾ ನಿನ್ ಗಂಡನ್ನ! ಒಲೆ ಒಳಗಿರೋದ್ನ ಎತ್ತಿ ಕಟ್ಟೆ ಮ್ಯಾಲೆ ಆಕ್ತಾನಂತೆ!"

ಆಮೇಲೆ ಕಲ್ಲಿನ ವಿಷಯದಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದೂ ಅದೇ ಇರಬೇಕು.

ಕಲೆ ಪರೀಕ್ಷೆ

ನಾನು ಯಾವುದನ್ನೂ ಬಾಯಿಮಾತಿಗೆ ಬಿಡುವವಳಲ್ಲ. ರಾಬರ್ಟ್‌ಸನ್‌ಪೇಟೆಯ ಗ್ರಾನೈಟ್ ಅಂಗಡಿಯಿಂದ ಐದು ಮಾದರಿ ತುಂಡು ತಂದು, ಹಿಂದೆ ನಂಬರು ಬರೆದು, ಅರಿಸಿನ ಬಳಿದು, ಕಾಂಪೌಂಡ್ ಗೋಡೆಗೆ ಸಾಲಾಗಿ ಒರಗಿಸಿದೆ. ಬೆಳಿಗ್ಗೆ ತೊಳೆದು ಫಲಿತಾಂಶ ಬರೆಯಬೇಕಿತ್ತು.

ಬೆಳಿಗ್ಗೆ ನೋಡಿದರೆ ಐದಕ್ಕೂ ಕುಂಕುಮ, ಐದರ ಮೇಲೂ ಕನಕಾಂಬರ, ಮುಂದೆ ಊದಿನಕಡ್ಡಿ! ಪಕ್ಕದ ಮನೆಯಾಕೆ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದರು.

"ಯಾವ್ ದೇವ್ರು ಅಂತ ಗೊತ್ತಾಗ್ಲಿಲ್ಲ ಅಕ್ಕಾ. ನಡುವಿರೋದೇ ದೊಡ್ಡದು ಅಂತ ಮಗಳ ಮದುವೆ ವಿಷ್ಯ ಅದರ ಹತ್ರಾನೇ ಕೇಳ್ಕೊಂಡೆ."

ಅದು ಅಡಿಗೆಕಟ್ಟೆಯ ಮಾದರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ವಾರದೊಳಗೆ ಗಂಡಿನ ಕಡೆಯವರು ಒಪ್ಪಿಬಿಟ್ಟರು. ಮಾದರಿ ನಂಬರ್ ಮೂರು ಈಗ ಅವರ ತುಳಸಿಕಟ್ಟೆಯಲ್ಲಿದೆ. ಅಂಗಡಿಯವನು ವಾಪಸ್ ಕೇಳುತ್ತಲೇ ಇದ್ದಾನೆ.

ಎತ್ತರ

ಕಟ್ಟೆ ಎಷ್ಟು ಎತ್ತರ ಇರಬೇಕೆಂದು ಮೇಸ್ತ್ರಿ ಕೇಳಿದ. ನಾನು ಸೊಂಟ ತೋರಿಸಿದೆ. ಅತ್ತೆ ಮೊಣಕಾಲು ತೋರಿಸಿದರು. ಮುದ್ದೆ ತಿರುವಲು ಮೇಲಿನಿಂದ ಬಲ ಬೀಳಬೇಕಂತೆ.

ಮೇಸ್ತ್ರಿ ಇಬ್ಬರನ್ನೂ ನೋಡಿ ಟೇಪು ಮಡಚಿದ. "ಸಿನಿಮಾ ಥಿಯೇಟರ್ ತರ ಇಳಿಜಾರಾಗಿ ಕಟ್ಬಿಡ್ತೀನಿ ಬಿಡ್ರಮ್ಮಾ. ಯಾರಿಗೆ ಎಲ್ಲಿ ಬೇಕೋ ಅಲ್ಲಿ ನಿಂತ್ಕೊಳ್ಳಿ."

ಕೊನೆಯ ಪರೀಕ್ಷೆ

ನಮ್ಮ ಕಡೆ ಬಿಸಿ ಹಿಟ್ಟನ್ನು ನೀರು ಚಿಮುಕಿಸಿದ ಕಲ್ಲಿನ ಮೇಲೆ ಹಾಕಿಯೇ ಮುದ್ದೆ ಕಟ್ಟುವುದು. ಅತ್ತೆ ಅದನ್ನೇ ಹಿಡಿದರು. "ಮುದ್ದೆ ಕಟ್ದೆ ಕಲ್ಲು ತಗೊಳ್ಳೋದಾ? ಯಾವ್ದರ ಮ್ಯಾಲೆ ಚೆನ್ನಾಗಿ ಬತ್ತೈತೋ ಅದನ್ನೇ ಆಕ್ಸು." ನಾನು ಒಪ್ಪಿದೆ. ಪ್ರಯೋಗಕ್ಕೆ ಹೆದರುವವಳಲ್ಲ.

ಹಾಟ್‌ಬಾಕ್ಸಿನಲ್ಲಿ ರಾಗಿ ಹಿಟ್ಟು ತಿರುವಿಕೊಂಡು ಆಟೋದಲ್ಲಿ ಯಜಮಾನರೂ ಸೇರಿ ಮೂವರೂ ಅಂಗಡಿಗೆ ಹೋದೆವು. ಪೇಟೆಗೆ ಹೊರಟರೆ ಅತ್ತೆ ಕನ್ನಡಕ ಹಾಕುವುದಿಲ್ಲ, ಮುದುಕಿ ಅಂದುಕೊಂಡಾರು ಎಂದು.

ಬಿಳಿ ಕಲ್ಲಿನ ಮೇಲೆ ಒಂದು ಮುದ್ದೆ ಕಟ್ಟಿದರು. "ಪರವಾಗಿಲ್ಲ" ಎಂದು ಮುಖ ಸಿಂಡರಿಸಿದರು. ಕರಿ ಕಲ್ಲಿನ ಮೇಲೆ ಇನ್ನೊಂದು ಕಟ್ಟಿದರು. ಗುಂಡಗೆ, ನುಣ್ಣಗೆ, ಹೊಳೆಯುವ ಹಾಗೆ ಬಂತು. ನನ್ನ ಬಿಳಿ ಕಲ್ಲು ಕೈತಪ್ಪಿತು ಎಂದುಕೊಂಡೆ. ಅತ್ತೆ ನನ್ನ ಕಡೆ ತಿರುಗಿ, "ನೋಡ್ದಾ? ಬೆಣ್ಣೆ!" ಎಂದು ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕಲ್ಲಿನ ಕಡೆ ತಿರುಗಿದರು.

ಮುದ್ದೆ ಇಲ್ಲ!

ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಅಂಗಡಿಯವನನ್ನು ನೋಡಿದರು.

"ಏನಪ್ಪಾ, ಆಗ್ಲೇ ನುಂಗ್ಬಿಟ್ಯಾ?"

"ಐಯೋ ಪಾಟಿ, ನಾನಿಲ್ಲ! ಅಲ್ಲೇ ಇದೆ, ಪಾರುಂಗೊ!" ನೋಡಜ್ಜಿ ಎಂದು ತಮಿಳು ಬೆರೆಸಿ ಕೈ ತೋರಿಸಿದ ಅವನು.

"ಎಲ್ಲೈತೆ? ಬಿಳೀದ್ರ ಮ್ಯಾಲಿಂದು ಕಾಣ್ತೈತೆ. ಇದ್ರ ಮ್ಯಾಲಿಂದೆಲ್ಲಿ? ಸಾರಿಲ್ದೆ ಎಂಗ್ ತಿಂದ್ಯೋ!"

ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಮಾತ್ರ ಕುಣಿಯುತ್ತಿತ್ತು. ಅಂಗಡಿಯವನು ಬಾಯಿ ತೆರೆದು ತೋರಿಸಲು ಬಗ್ಗುವಷ್ಟರಲ್ಲಿ ಅತ್ತೆಯ ಮೊಣಕೈ ಬಿಸಿ ಮುದ್ದೆಗೆ ತಗುಲಿತು. ಕರಿ ಕಲ್ಲಿನ ಮೇಲೆ ಕರಿ ಮುದ್ದೆ, ಇಟ್ಟಲ್ಲೇ ಕೂತಿತ್ತು.

ಅತ್ತೆ ಮೊಣಕೈ ಒರೆಸಿಕೊಂಡು ಹೇಳಿದರು: "ಬಿಳೀದೇ ಆಕ್ಸಮ್ಮ. ಕಣ್ಣಿಗೆ ಕಾಣ್ದಿರೋ ಮುದ್ದೇನ ಉಣ್ಣೋದೆಂಗೆ?"

ಹಾಲಿನಂಥ ಕಟ್ಟೆ ಬಂತು. ಗೆದ್ದೆನೆಂದು ಮಾರನೆಯ ಬೆಳಿಗ್ಗೆ ಅಡಿಗೆಮನೆಗೆ ಹೋದರೆ, ಈ ತುದಿಯಿಂದ ಆ ತುದಿಯವರೆಗೆ ಕಪ್ಪು ರೆಕ್ಸಿನ್ ಹಾಸಿದೆ. ಅದರ ಮುಂದೆ ಕನ್ನಡಕ ಹಾಕಿಕೊಂಡು ಅತ್ತೆ ನಿಂತಿದ್ದಾರೆ.

"ಬೆಳ್ಳಗೈತಲ್ಲಮ್ಮಾ. ಕೊಳೆ ಆದ್ರೆ?"