ಇನ್ನೂರ ಅರವತ್ತು ಯಾರದು?

"ಒಂದೇ ಒಂದು ಚಮಚ ಕಣೇ!"

"ಸಕ್ಕರೆ ಇನ್ನೂರ ಅರವತ್ತು ಇದೆ ರೀ! ನಿಮ್ಮ ರಕ್ತಕ್ಕೇ ಇರುವೆ ಮುತ್ತುತ್ತೆ."

ಯಾವ ಬೀಗವನ್ನಾದರೂ ಕಣ್ಣು ಮುಚ್ಚಿಕೊಂಡೇ ತೆಗೆಯುವ ಬೀಗ ರಿಪೇರಿಯವನನ್ನು ಬೀದಿಯೆಲ್ಲ ಕೀಲಿಯಪ್ಪ ಎನ್ನುತ್ತಿತ್ತು. ಆದರೆ ಸಕ್ಕರೆ ಡಬ್ಬಿಯ ಮೇಲಿದ್ದ ಹೆಂಡತಿಯ ಕೈಗೆ ಮಾತ್ರ ಅವನ ಹತ್ತಿರ ಕೀಲಿಯಿರಲಿಲ್ಲ. ಆಕೆ ಪ್ರಯೋಗಾಲಯದಲ್ಲಿ ಮೀನುಗಳ ಅಧ್ಯಯನ ಮಾಡುವವಳು, ಹಾಗಾಗಿ ಮೀನಮ್ಮ.

"ಎಂಟು ದಿನದಿಂದ ಕಾಫಿ ಅಂತ ಕಷಾಯ ಕುಡೀತಿದ್ದೀನಿ. ನಿನ್ನ ಮೀನಿಗೆಷ್ಟು ಬಂತು, ಅದನ್ನ ಹೇಳು."

ಮೀನಮ್ಮನ ಮುಖ ಅರಳಿತು. "ನೂರ ಹನ್ನೆರಡು! ಅದೇ ರೀ ನನ್ನ ಹೊಸ ಶೋಧ. ನಾಳೆ ಸಭೇಲಿ ಓದ್ತೀನಿ. ಊಟ ಮಾಡಿದಾಗ ಕರುಳಲ್ಲಿ ಒಂದು ಹಾರ್ಮೋನು ಹುಟ್ಟುತ್ತೆ. ಕೀಲಿ ಅಂದ್ಕೊಳ್ಳಿ."

"ಕೀಲಿ ಅಂದ್ಮೇಲೆ ಬೀಗ?"

"ಜೀವಕೋಶದ ಮೇಲಿರುತ್ತೆ, ಗ್ರಾಹಕ ಅಂತಾರೆ. ನಮ್ಮಲ್ಲಿ ಆ ಕೀಲಿ ತಿರುಗಿದ್ರೆ ಇನ್ಸುಲಿನ್ ಹೊರಗೆ ಬಂದು ಸಕ್ಕರೆ ಇಳಿಯುತ್ತೆ. ಮೀನಲ್ಲಿ ಹೆಚ್ಚುಕಡಿಮೆ ಅದೇ ಕೀಲಿ ಲಿವರಿನ ಉಗ್ರಾಣ ತೆಗೆದು ಸಕ್ಕರೆ ಏರಿಸುತ್ತೆ. ಕೋಟ್ಯಂತರ ವರ್ಷದಲ್ಲಿ ಕೀಲಿ ಉಳೀತು, ಬೀಗ ಅದಲುಬದಲಾಯ್ತು."

"ನಾನು ಅಂಗಡೀಲಿ ಹಾಗೆ ಮಾಡಿದ್ರೆ ಪೊಲೀಸರು ಬರ್ತಾರೆ! ಇನ್ನೂ ಯಾರ ಹತ್ರ ಇದೆ ಈ ಕೀಲಿ?"

"ಕಪ್ಪೆ, ಕೋಳಿ, ಎಲ್ಲರ ಹತ್ರಾನೂ. ಮರಳುಗಾಡಿನ ಒಂದು ವಿಷದ ಹಲ್ಲಿಯ ಜೊಲ್ಲಲ್ಲಂತೂ ಅದರ ನಕಲಿ ಕೀಲೀನೇ ಇದೆ. ಅದನ್ನ ನೋಡೇ ಸಕ್ಕರೆ ಕಾಯಿಲೆಗೆ ಔಷಧಿ ಮಾಡಿದ್ರು."

"ಸಕ್ಕರೆ ಕೇಳಿದ್ರೆ ಹಲ್ಲಿ ಜೊಲ್ಲು ತೋರಿಸೋ ಹೆಂಡತಿ!"

"ಕೇಳಿ ಇಲ್ಲಿ. ಆ ಹಾರ್ಮೋನು ಕೊಟ್ರೂ ನನ್ನ ಮೀನಿಗೆ ಸಕ್ಕರೆ ಏರಲೇ ಇಲ್ಲ! ನಮ್ಮಂಥ ಬೀಗ ಇರೋ ಮೀನು!"

"ಯಾರದು ಎಷ್ಟು ಅಂತ ಹೇಗೆ ಬರ್ಕೊಂಡೆ?"

"ಅವತ್ತು ನೀವು ಪ್ರಯೋಗಾಲಯಕ್ಕೆ ಊಟದ ಡಬ್ಬಿ ತಂದ್ರಲ್ಲ, ಇಬ್ಬರಿಗೂ ಒಂದೇ ಯಂತ್ರದಲ್ಲಿ ನೋಡಿದೆ. ಮೊದಲು ನಿಮಗೆ, ಆಮೇಲೆ ಮೀನಿಗೆ ಅಂತ ತೀರ್ಮಾನ ಮಾಡ್ಕೊಂಡಿದ್ದೆ. ಅದೇ ಪ್ರಕಾರ ಸಾಯಂಕಾಲ ಯಂತ್ರ ನೋಡಿ ಬರ್ಕೊಂಡೆ. ಅಬ್ಬಬ್ಬಾ, ಸೂಜಿ ಕಂಡು ನೀವು ಓಡಿದ್ದೇನು! 'ಮೀನನ್ನ ನೋಡಿ ಕಲೀರಿ' ಅಂತ ಬೈದೇ ಬೆರಳು ಹಿಡೀಬೇಕಾಯ್ತು."

ಕೀಲಿಯಪ್ಪನ ಬೆನ್ನು ನೆಟ್ಟಗಾಯಿತು. ಒಳಗೆಲ್ಲೋ 'ಟಕ್' ಎಂದು ಬೀಗ ತೆರೆದಂತೆ.

"ಏನನ್ನ ನೋಡಿ ಕಲೀಬೇಕಿತ್ತು?"

"ಅದು ಅಲುಗಾಡದೆ ಚುಚ್ಚಿಸ್ಕೊಂಡಿತ್ತಲ್ಲ, ಅದನ್ನ..."

ಮೀನಮ್ಮನ ಬಾಯಿ ತೊಟ್ಟಿಯ ಮೀನಿನ ಹಾಗೆ ತೆರೆದೇ ಉಳಿಯಿತು.

"ಹಾಗಾದ್ರೆ ಮೊದಲು ಚುಚ್ಚಿಸ್ಕೊಂಡಿದ್ದು ಯಾರು?"

ಅವಳು ಕುರ್ಚಿಯಲ್ಲಿ ಕುಸಿದಳು. "ನೂರ ಹನ್ನೆರಡು ನಿಮ್ಮದು, ಇನ್ನೂರ ಅರವತ್ತು ಮೀನಿಂದು. ಎಲ್ಲ ಮೀನಿನ ಹಾಗೇ ಏರಿದೆ. ನನ್ನ ಶೋಧ ಹೋಯ್ತು ರೀ."

ಸಕ್ಕರೆ ಡಬ್ಬಿಗೆ ಈಗ ಕಾವಲಿರಲಿಲ್ಲ. ಆದರೂ ಕೀಲಿಯಪ್ಪನ ಕೈ ಯಾಕೋ ಮುಂದೆ ಹೋಗಲಿಲ್ಲ.

"ಬಿಡೇ. ನಾಳೆ ಸಭೆಯೆಲ್ಲ ನಗೋದು ತಪ್ಪಿತಲ್ಲ. ಮನೇಲಾದ್ರೆ ನಗೋಕೆ ನಾನೊಬ್ಬನೇ."

"ನೀವೂ ನಗ್ತಿಲ್ವಲ್ಲ?"

"ಸಕ್ಕರೆ ಬೀಳದೆ ನಗು ಬರಲ್ಲ."

ಅವಳಿಗೇ ನಗು ಬಂತು. ಕಾಫಿ ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿದಳು. ಕೀಲಿಯಪ್ಪ ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಹೀರಿದ. ಕಣ್ಣು ಬಿಟ್ಟರೆ ಎದುರಿಗೆ ಯಂತ್ರ, ಹೊಸ ಸೂಜಿ.

"ಅಂಕಿ ಖಾತ್ರಿ ಆಗ್ಬೇಕಲ್ಲ ರೀ. ಬೆರಳು ಕೊಡಿ. ಈ ಸಲ ನೀವೇ ಮೊದಲು."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಬೇಡ ಕಣೇ! ಇನ್ನೂರ ಅರವತ್ತು ನನ್ನದೇ ಅಂತ ಬರ್ಕೊ. ನಿನ್ನ ಶೋಧಾನೂ ಉಳಿಯುತ್ತೆ!"