ಬಿಟ್ಟುಹೋಗದ ಗೆದ್ದಲು, ಬಿಟ್ಟುಕೊಡದ ನಾನು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಕಳ್ಳರು. ಕೊಡಿಗೇಹಳ್ಳಿಯ ನಮ್ಮ ಮನೆಗೆ ತಪ್ಪದೆ ಬರುವುದು ಗೆದ್ದಲು. ಅದು ಬಂದ ಸುದ್ದಿ ಹಬ್ಬಿದೊಡನೆ ಪಕ್ಕದ ಮನೆಯ ಬಿಲ್ಡರೂ ಬರುತ್ತಾರೆ. ಒಂದು ಕಾಲಕ್ಕೆ ನಮ್ಮ ಬೀದಿಯೆಲ್ಲ ಅವರ ರಾಗಿ ಹೊಲವಂತೆ.

"ಗೆದ್ದಲು ಇಡ್ದ ಮನೆ ನಿಲ್ಲಾಕಿಲ್ಲ ಮೇಡಂ. ನಮ್ಗೆ ಕೊಟ್ಬಿಡಿ, ಕೆಡವಿ ಅಪಾರ್ಟ್‌ಮೆಂಟ್ ಕಟ್ತೀವಿ" ಎನ್ನುತ್ತಾರೆ.

ಕೊಡುವುದಿಲ್ಲ. ಹಾವೇರಿಯಿಂದ ಬಂದು ಹದಿನೈದು ವರ್ಷ ಬಾಡಿಗೆ ಮನೆಗಳಲ್ಲಿ ಒಂದು ಮೊಳೆ ಹೊಡೆಯಲೂ ಅಪ್ಪಣೆ ಕೇಳಿದವಳು ನಾನು. ಈ ಮನೆ ಕಟ್ಟುವಾಗ ದಿನಾ ಬೆಳಿಗ್ಗೆ ಗೋಡೆಗಳಿಗೆ ನೀರು ಹೊಡೆದು, ಒದ್ದೆ ಸೆರಗಿನಲ್ಲೇ ಹೆಬ್ಬಾಳದ ಕಾಲೇಜಿನ ಲೈಬ್ರರಿಗೆ ಕೆಲಸಕ್ಕೆ ಓಡಿದ್ದೇನೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದು ಲೋಕರೂಢಿ ಇರಬಹುದು. ನಾನು ಕಟ್ಟಿದ ಮನೆಗೆ ಆ ರೂಢಿ ನಡೆಯುವುದಿಲ್ಲ.

ಐದು ವರ್ಷದ ಗ್ಯಾರಂಟಿ

ಮೊದಲ ಸಲ ಔಷಧಿ ಹೊಡೆದವನು ಐದು ವರ್ಷದ ಗ್ಯಾರಂಟಿ ಕಾರ್ಡು ಕೊಟ್ಟ. ಲೈಬ್ರರಿಯವಳಲ್ಲವೇ, ಅದನ್ನು ಫೈಲಿಗೆ ಹಾಕಿ, ಫೈಲಿಗೆ ಚೀಟಿ ಅಂಟಿಸಿ, ಗೋಡೆ ಕಪಾಟಿನಲ್ಲಿ ಜೋಪಾನವಾಗಿಟ್ಟೆ. ಎರಡನೇ ವರ್ಷಕ್ಕೇ ಗೋಡೆಯ ಮೇಲೆ ಮಣ್ಣಿನ ಗೆರೆ ಮೂಡಿತು. ಫೋನ್ ಮಾಡಿದೆ. ಕಾರ್ಡು ತೋರಿಸಿದರೆ ಬಿಟ್ಟಿಯಾಗಿ ಹೊಡೆಯುತ್ತೇನೆ ಎಂದು ಬಂದ. ಕಪಾಟು ತೆಗೆದರೆ ಫೈಲಿನ ಪ್ಲಾಸ್ಟಿಕ್ಕಿತ್ತು, ಒಳಗೆ ಕಾರ್ಡಿನ ಒಂದು ಮೂಲೆ ಇತ್ತು. ಅವನು ಆ ಮೂಲೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದ.

"ತಾರೀಕೇ ಇಲ್ವಲ್ಲ ಮೇಡಂ."

"ತಾರೀಕು ಗೆದ್ದಲಿನ ಹೊಟ್ಟೇಲಿದೆ. ನೀವೇ ಕೇಳ್ಕೊಳ್ಳಿ."

ಬಿಟ್ಟಿಯಾಗಿಯೇ ಔಷಧಿ ಹೊಡೆದ. ಹೊರಡುವಾಗ ಹೊಸ ಕಾರ್ಡು ಕೊಡಲು ಬಂದ. ಲ್ಯಾಮಿನೇಶನ್ ಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದೆ.

ಅತ್ತೆಯವರ ಇಂಗು

ಮುಂದಿನ ಸಲ ಗೆದ್ದಲು ಬಂದಾಗ ಹಾವೇರಿಯಿಂದ ನಮ್ಮತ್ತೆಯೂ ಬಂದಿದ್ದರು. ಡಬ್ಬಿಗಟ್ಟಲೆ ಇಂಗನ್ನು ಬಿಸಿನೀರಿಗೆ ಕದಡಿ ಬಾಗಿಲ ಚೌಕಟ್ಟಿಗೆಲ್ಲ ಸುರಿದರು. ಸಂಜೆಯೊಳಗೆ ಬೀದಿ ತುಂಬ ಘಮಘಮ. ಎದುರುಮನೆಯಾಕೆ ಬಟ್ಟಲು ಹಿಡಿದುಕೊಂಡೇ ಬಂದು, ಇವತ್ತು ಏನು ಸಾರು, ಸ್ವಲ್ಪ ಕೊಡಿ ಎಂದರು. ಮೂರನೇ ದಿನ ನೋಡಿದರೆ ಗೆದ್ದಲು ಅದೇ ಚೌಕಟ್ಟಿಗೆ ಮೊದಲಿಗಿಂತ ಜೋರಾಗಿ ಹತ್ತಿತ್ತು. ಅತ್ತೆ ಸೋಲೊಪ್ಪುವ ಹೆಂಗಸಲ್ಲ.

"ನಿಮ್ಮ ಬೆಂಗಳೂರಿನ ಇಂಗು ಬರೇ ಹಿಟ್ಟು ಐತಿ. ಅದಕ್ಕ ರುಚಿ ಹತ್ತೇತಿ" ಎಂದರು.

ಅಳತೆಗೆ ಬಂದವರು

ಹೋದ ಬೇಸಿಗೆಯಲ್ಲಿ ತಿಂಗಳು ಊರಲ್ಲಿದ್ದು ವಾಪಸಾದರೆ, ಹಿತ್ತಲಿನ ಶೀಟಿನ ಕೋಣೆಯಲ್ಲಿ ಮೊಣಕಾಲೆತ್ತರದ ಹುತ್ತ. ಮನೆ ಕಟ್ಟಿದಾಗ ಉಳಿದ ಸೆಂಟ್ರಿಂಗ್ ಹಲಗೆಗಳನ್ನು ಎಸೆಯಲು ಬಿಡದೆ ಅಲ್ಲಿ ಕೂಡಿಟ್ಟವರು ನಮ್ಮ ಯಜಮಾನರು. ಈಗ ಅವರೇ ಕೈಚೆಲ್ಲಿ, ಸಾಕು, ಮಾರಿಬಿಡೋಣ ಎಂದರು. ಆ ಮಾತು ಕಾಂಪೌಂಡ್ ದಾಟಿತು. ಭಾನುವಾರ ಬೆಳಿಗ್ಗೆ ಬಿಲ್ಡರು ಅಳತೆ ಟೇಪು ಹಿಡಿದು, ತಮ್ಮ ತಾಯಿಯನ್ನೂ ಕರೆದುಕೊಂಡು ಬಂದರು. ಆ ಅಜ್ಜಿ ಹೂಂ ಎನ್ನದೆ ಅವರ ಮನೆಯಲ್ಲಿ ಯಾರೂ ಗುದ್ದಲಿ ಮುಟ್ಟುವುದಿಲ್ಲ.

ಟೇಪು ನನ್ನ ಗೋಡೆಗೆ ತಾಗಿದಾಗ ನಿಜವಾಗಿ ಅಳು ಬಂತು. ಬಾಯಿ ಮಾತ್ರ, ಅಳೆದುಕೊಳ್ಳಿ, ಕೊಡೋದಂತೂ ಇಲ್ಲ ಎಂದಿತು. ಬಿಲ್ಡರು ನಕ್ಕು, ಈ ಮನೆ ಎಷ್ಟು ಹಾಳಾಗಿದೆ ಎಂದು ತೋರಿಸಲು ಅಜ್ಜಿಯನ್ನು ಶೀಟಿನ ಕೋಣೆಗೆ ಕರೆದೊಯ್ದರು. ಅಲ್ಲೇ ಅವರು ಎಡವಿದ್ದು. ಅಜ್ಜಿ ಹುತ್ತ ನೋಡಿದವರೇ ಚಪ್ಪಲಿ ಬಿಟ್ಟು ಕೈಮುಗಿದರು.

"ಉತ್ತ ಕಣ್ಲಾ. ನಾಗಪ್ಪ ಬಂದು ನೆಲೆ ನಿಂತವ್ನೆ. ಇದ್ನ ಕೆಡವಿ ನೀನು ಅದ್ಯಾವ ಮನೆ ಕಟ್ಟೀಯ?"

ಬರೀ ಗೆದ್ದಲು ಅವ್ವಾ ಎಂದು ಮಗ ಗೋಗರೆದರು. ಅಷ್ಟರಲ್ಲಿ ನಾನು ಒಳಗೆ ಓಡಿ ಅರಿಶಿನ, ಕುಂಕುಮ, ಒಂದು ಲೋಟ ಹಾಲು ತಂದಾಗಿತ್ತು. ಅಜ್ಜಿ ಪೂಜೆ ಮುಗಿಸಿ, ಈ ಜಾಗದ ಸುದ್ದಿಗೆ ಇನ್ನು ಬರಬೇಡ ಎಂದು ಮಗನಿಂದ ಅಲ್ಲೇ ಮಾತು ತೆಗೆದುಕೊಂಡರು. ಬಿಲ್ಡರು ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು, ತಾವೂ ಹುತ್ತಕ್ಕೆ ಅಡ್ಡಬಿದ್ದು ಹೋದರು.

ಮಧ್ಯಾಹ್ನ ನಮ್ಮ ಹಳೇ ಔಷಧಿಯವನು ಬಂದ. ಮನೆಯ ಸುತ್ತ ತೂತು ಕೊರೆದು ಔಷಧಿ ತುಂಬಿಸಿ, ಕೊನೆಗೆ ಶೀಟಿನ ಕೋಣೆಗೆ ಹೊರಟ. ಹುತ್ತವೊಂದನ್ನು ಮಾತ್ರ ಮುಟ್ಟಬೇಡಿ ಎಂದೆ.

"ಮೇಡಂ, ಗೆದ್ದಲಿನ ಮೂಲ ಇರೋದೇ ಅಲ್ಲಿ."

"ಗೊತ್ತು ಕಣ್ರೀ. ಮನೆಯೊಳಗೆ ಬಂದ್ರೆ ಅದು ಗೆದ್ದಲು, ಹೊಡೀರಿ. ಅಲ್ಲೇ ಇದ್ರೆ ನಮ್ಮ ವಾಚ್‌ಮನ್."