ಸಂಗೀತ ಪತ್ರಿಕೆಯ ಮುಖಪುಟಕ್ಕೆ ಯಾರ ಮುಖ?

ಹುಣಸೂರಿನಲ್ಲಿ ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕೂತರೆ ಸಾಕು, ನಗಿಸುವವರು ತಾವಾಗಿಯೇ ಒಳಗೆ ಬರುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮೀಸೆ ಇನ್ನೊಂಚೂರು ಕಪ್ಪಗೆ ಬರಲಿ ಅನ್ನುವವರು, ಗೃಹಪ್ರವೇಶದ ಕಾರ್ಡಿನಲ್ಲಿ ಇನ್ನೂ ಕಟ್ಟದ ಮಹಡಿಯನ್ನೂ ತೋರಿಸಿ ಅನ್ನುವವರು, ಎಲ್ಲರನ್ನೂ ನೋಡಿದ್ದೇನೆ. ಆದರೆ ಅವರೆಲ್ಲ ಸೇರಿ ನಗಿಸಿದ್ದಕ್ಕಿಂತ ಹೆಚ್ಚು ನನ್ನನ್ನು ನಗಿಸಿದ್ದು ಒಂದು ಸಂಗೀತ ಮಾಸಪತ್ರಿಕೆ. ಅದರ ಮುಖಪುಟ ಮಾಡುವವಳು ನಾನು.

ಸಂಪಾದಕರು ಸಾಲಿಗ್ರಾಮದ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ಅವರಿಗೆ ಹಾಡಲು ಬರುವುದಿಲ್ಲ, ಹಾಡು ಕೇಳದೆ ಇರಲೂ ಬರುವುದಿಲ್ಲ. ಮುಖಪುಟದ ವಿಷಯದಲ್ಲಿ ಅವರ ತಕರಾರು ತಾಳಲಾರದೆ ಕೆ.ಆರ್. ನಗರದ ಡಿಟಿಪಿಯವರೆಲ್ಲ ಕೈಮುಗಿದ ಮೇಲೆ, ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಅವರಿಗಿದ್ದದ್ದು ಒಂದೇ ಆಸೆ. ನಮ್ಮೂರ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಪತ್ರಿಕೆಗಳನ್ನು ಕ್ಲಿಪ್ ಹಾಕಿ ನೇತುಹಾಕುತ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಮುಂದಿನ ಹಗ್ಗದಲ್ಲಿ ತಮ್ಮ ಪತ್ರಿಕೆ ನೇತಾಡಬೇಕು.

ಅಂಗಡಿಯವನು ಅದನ್ನು ಒಳಗೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಕೆಳಗೆ ಇಡುತ್ತಿದ್ದ. ಕೇಳಿದ್ದಕ್ಕೆ ಹೇಳಿದ: "ಮೇಷ್ಟ್ರೇ, ಮುಂದ್ಗಡೆ ಅಗ್ಗ ಓಡೋ ಮಾಲಿಗೆ ಕಣ್ರೀ. ನಿಮ್ದು ಓಡಾದಿರ್ಲಿ, ಎದ್ದೂ ನಿಂತಿಲ್ಲ. ಯುಗಾದಿವರ್ಗೂ ನೋಡ್ತೀನಿ, ಆಮ್ಯಾಲೆ ತರಬ್ಯಾಡಿ."

ಆ ಯುಗಾದಿಯೊಳಗೆ ನಡೆದ ಕಥೆಗಳು ಇವು.

ನಗುವವರು ಎಲ್ಲಿ?

ಮೇಷ್ಟ್ರು ಗಣಿತದವರಲ್ಲವೇ, ಬೇರೆಯವರ ಲೆಕ್ಕ ನೋಡದೆ ತಮ್ಮ ಲೆಕ್ಕ ಮಾಡುವವರಲ್ಲ. ಒಂದು ದಿನ ಚೀಲದ ತುಂಬ ಸಂಗೀತ ಪತ್ರಿಕೆಗಳನ್ನು ತಂದು ನನ್ನ ಮೇಜಿನ ಮೇಲೆ ಸುರಿದರು. ಕನ್ನಡದವು, ತಮಿಳಿನವು, ಸಿನಿಮಾ ಹಾಡಿನವು, ಕೊಪ್ಪದ ಹೋಟೆಲಿನಲ್ಲಿ ಯಾರೋ ಪ್ರವಾಸಿ ಬಿಟ್ಟುಹೋಗಿದ್ದ ಇಂಗ್ಲಿಷಿನದೊಂದು.

"ಮೊದಲು ಹೋಲಿಸಿ ನೋಡೋಣಮ್ಮ. ಎಲ್ಲರೂ ಏನು ಮಾಡ್ತಾರೆ ಅಂತ ತಿಳೀಲಿ" ಅಂದರು.

ಇಬ್ಬರೂ ಕೂತು ಹೋಲಿಸಿದೆವು. ಶಾಸ್ತ್ರೀಯ ಸಂಗೀತದ ಮುಖಪುಟಗಳಲ್ಲಿ ಎಲ್ಲರ ಕಣ್ಣೂ ಮುಚ್ಚಿತ್ತು, ಒಂದು ಕೈ ಮೇಲೆದ್ದಿತ್ತು, ಹಿಂದೆ ತಂಬೂರಿ ಇತ್ತು, ಹೆಗಲ ಮೇಲೆ ಶಾಲಿತ್ತು. ಸಿನಿಮಾ ಹಾಡಿನವರಿಗೆ ಕಣ್ಣು ತೆರೆದಿತ್ತು, ಆದರೆ ಒಂದು ಕಿವಿ ಮುಚ್ಚಿತ್ತು, ಹೆಡ್‌ಫೋನನ್ನು ಅಲ್ಲಿಗೆ ಒತ್ತಿಕೊಂಡು ಎಲ್ಲೋ ಮೂಲೆ ನೋಡುತ್ತಿದ್ದರು. ಇಂಗ್ಲಿಷಿನ ಗಿಟಾರಿನವರು ಕೈಕಟ್ಟಿಕೊಂಡು ಗೋಡೆಗೆ ಒರಗಿ, ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ಮುನಿಸಿಕೊಂಡ ಬೀಗರ ಹಾಗೆ ನಿಂತಿದ್ದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಸಂಗೀತ ಅಂದ್ರೆ ಸಂತೋಷ ಅಂತಾರೆ. ಇಷ್ಟು ಪತ್ರಿಕೆಯಲ್ಲಿ ನಗ್ತಾ ಇರೋರು ಒಬ್ಬರಾದರೂ ಬೇಡವೇನಮ್ಮ?"

ನಾನು ಒಂದು ಪತ್ರಿಕೆಯನ್ನು ತಿರುಗಿಸಿ ಹಿಂದಿನ ಪುಟ ತೋರಿಸಿದೆ. ಅಲ್ಲೊಬ್ಬರು ಬಾಯಿತುಂಬ ನಗುತ್ತಿದ್ದರು. ಹಲ್ಲುಜ್ಜುವ ಪೇಸ್ಟಿನ ಜಾಹೀರಾತು.

ತಲೆಯ ಹಿಂದೆ ಹೋದ ಹೆಸರು

ಆ ಇಂಗ್ಲಿಷ್ ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಗಾಯಕನ ತಲೆ ಪತ್ರಿಕೆಯ ಹೆಸರಿನ ಮೇಲೆಯೇ ಬಂದಿತ್ತು. ನಡುವಿನ ಅಕ್ಷರಗಳೆಲ್ಲ ಅವನ ಕೂದಲ ಹಿಂದೆ ಮರೆಯಾಗಿದ್ದವು. ನನಗೆ ಬಹಳ ಹಿಡಿಸಿತು. ತಲೆ ಹೊರಗೆ ಎದ್ದುಬಂದ ಹಾಗೆ ಕಾಣುತ್ತದೆ, ದೊಡ್ಡ ಊರಿನ ಪತ್ರಿಕೆ ಅನ್ನಿಸುತ್ತದೆ.

ಆ ತಿಂಗಳ ಮುಖಪುಟಕ್ಕೆ ಬರಬೇಕಾಗಿದ್ದವರು ಹರಿಕಥೆ ದಾಸರು. ಅವರ ತಲೆ ಸಣ್ಣದೇ, ಆದರೆ ಪೇಟ ದೊಡ್ಡದು. ಪೇಟವನ್ನು ಹೆಸರಿನ ಮೇಲೆ ಕೂರಿಸಿದೆ. ಮೊದಲ ಅಕ್ಷರ ಒಂದು ಕಡೆ, ಕೊನೆಯ ಅಕ್ಷರ ಇನ್ನೊಂದು ಕಡೆ ಉಳಿಯಿತು, ನಡುವೆ ಪೂರ್ತಿ ಜರಿ. ನನಗಂತೂ ಹೆಮ್ಮೆಯೋ ಹೆಮ್ಮೆ.

ಮೇಷ್ಟ್ರು ನೋಡಿ ಗಾಬರಿಯಾದರು. "ಹೆಸರೆಲ್ಲಮ್ಮ?"

"ದೊಡ್ಡ ಪತ್ರಿಕೆಗಳೆಲ್ಲ ಹೀಗೇ ಮಾಡೋದು ಮೇಷ್ಟ್ರೇ. ಹೆಸರು ಮುಚ್ಚಿದ್ರೂ ಜನ ಗುರುತು ಹಿಡೀತಾರೆ ಅನ್ನೋ ಧೈರ್ಯ ಅದು."

ಅವರು ನಿಟ್ಟುಸಿರು ಬಿಟ್ಟರು. "ನಮ್ಮದನ್ನ ಪೂರ್ತಿ ತೆರೆದು ತೋರಿಸಿದ್ರೂ ಗುರುತು ಹಿಡಿಯಲ್ವಲ್ಲ ತಾಯಿ!"

ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಹಾಗೆಯೇ ಅಚ್ಚು ಹಾಕಿಸಿದರು. ಪೇಪರ್ ಅಂಗಡಿಯವನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಖುಷಿಯಿಂದ ಕೇಳಿದ: "ಪೇಟದ ಅಂಗ್ಡಿ ಯಾವಾಗ ತೆಗುದ್ರಿ ಮೇಷ್ಟ್ರೇ?"

ಪತ್ರಿಕೆ ಮತ್ತೆ ಗೈಡುಗಳ ಕೆಳಗೆ ಹೋಯಿತು.

ಎಲ್ಲರೂ ಬರಬೇಕು

ಮುಂದಿನ ತಿಂಗಳು ರಾವಂದೂರು ಕಡೆಯ ಒಂದು ಭಜನಾ ಮಂಡಳಿ. ಹಾರ್ಮೋನಿಯಂ ನುಡಿಸುತ್ತಾ ಹಾಡುವ ಅಜ್ಜನೊಬ್ಬರ ಫೋಟೋ ಸಾಕು ಅಂತ ಮೇಷ್ಟ್ರು ಹೇಳಿದ್ದರು. ಅಜ್ಜನದು ಒಳ್ಳೆಯ ಮುಖ, ಒಳ್ಳೆಯ ಕಂಠ. ಆದರೆ ನನ್ನ ಅಂಗಡಿಗೆ ಬಂದಿದ್ದು ಮಾತ್ರ ಅಧ್ಯಕ್ಷರೊಬ್ಬರನ್ನು ಬಿಟ್ಟು ಮಂಡಳಿಯ ಎಲ್ಲರೂ, ಒಂದು ಗೂಡ್ಸ್ ಆಟೋದಲ್ಲಿ.

"ಒಬ್ಬರ ಫೋಟೋ ಆಕುದ್ರೆ ಮಂಡ್ಲಿ ಒಡ್ದೋಯ್ತದೆ ಕಣಕ್ಕಾ. ಎಲ್ರುದೂ ಬರ್ಬೇಕು" ಅಂದರು.

ಎಲ್ಲರದೂ ಬಂದರೆ ಅದು ಸಂಗೀತ ಪತ್ರಿಕೆಯ ಮುಖಪುಟ ಆಗುವುದಿಲ್ಲ, ಫ್ಲೆಕ್ಸ್ ಆಗುತ್ತದೆ ಅಂತ ಹೇಳಿ ನೋಡಿದೆ. "ಅಂಗೇ ಮಾಡಕ್ಕಾ, ನಿನ್ ಫ್ಲೆಕ್ಸ್ ಚೆಂದಾಗಿರ್ತವೆ" ಅಂತ ನನ್ನನ್ನೇ ಹೊಗಳಿದರು. ಫ್ಲೆಕ್ಸಿಗೆ ಒಂದು ನಿಯಮ ಉಂಟು, ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಅಧ್ಯಕ್ಷರ ಮುಖ ಬಾಣಲೆಯಷ್ಟು, ಉಪಾಧ್ಯಕ್ಷರದು ತಟ್ಟೆಯಷ್ಟು, ಉಳಿದವರದು ಲೋಟದಷ್ಟು. ಹಾಗೆಯೇ ಜೋಡಿಸಿದೆ. ಹಾರ್ಮೋನಿಯಂ ಅಜ್ಜನಿಗೆ ಮಂಡಳಿಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಹಾಗಾಗಿ ಕೆಳಗಿನ ಮೂಲೆಯಲ್ಲಿ ಅಂಗಿಯ ಗುಂಡಿಯಷ್ಟು ಜಾಗ ಸಿಕ್ಕಿತು.

ಮೇಷ್ಟ್ರು ಆ ದೊಡ್ಡ ಮುಖದ ಮೇಲೆ ಬೆರಳಿಟ್ಟು ಕೇಳಿದರು, "ಅಧ್ಯಕ್ಷರು ಏನು ನುಡಿಸ್ತಾರೆ?"

ಹಾರ್ಮೋನಿಯಂ ಅಜ್ಜ ಹೇಳಿದರು. "ಅವ್ರಾ? ಅವ್ರು ಮಂಗಳಾರತಿ ಒತ್ಗೆ ಬತ್ತಾರೆ. ಪ್ರಸಾದ ನುಡುಸ್ತಾರೆ."

ಮಂಡಳಿಯವರಾದರೂ ಕೊಳ್ಳುತ್ತಾರೆ ಅಂತ ಮೇಷ್ಟ್ರು ಆಸೆಯಿಂದ ಕಾದರು. ಅವರೆಲ್ಲ ನನ್ನ ಕಂಪ್ಯೂಟರಿನಿಂದಲೇ ಫೋಟೋ ಹೊಡೆದುಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಾಗಿತ್ತು. ಇನ್ನು ಕೊಳ್ಳುವುದು ಯಾಕೆ?

ಮರದ ಫೋಟೋ

ಆಮೇಲೆ ಎಚ್.ಡಿ. ಕೋಟೆ ಕಡೆ ಹೋದೆವು. ಕಾಡಂಚಿನ ಆದಿವಾಸಿ ಹಾಡಿಯೊಂದರಲ್ಲಿ ಒಬ್ಬ ಹೆಂಗಸು ಬಹಳ ಚೆನ್ನಾಗಿ ಹಾಡುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಾಗಿತ್ತು. ಜನಪದ ಗಾಯಕರ ಮುಖಪುಟಕ್ಕೂ ಒಂದು ಪದ್ಧತಿ ಇದೆ. ಹಿಂದೆ ದೊಡ್ಡ ಮರ ಇರಬೇಕು, ಪಕ್ಕದಲ್ಲಿ ಹೊಗೆ ಇರಬೇಕು, ಕಾಲು ಬರಿಗಾಲಾಗಿರಬೇಕು, ಮುಖದಲ್ಲಿ ಸ್ವಲ್ಪ ದುಃಖ ಇರಬೇಕು. ಮೇಷ್ಟ್ರು ಬರುವ ದಾರಿಯಲ್ಲೇ ಒಂದು ಮರ ನೋಡಿಟ್ಟಿದ್ದರು.

ಆಕೆ ಬಂದಿದ್ದು ಹೊಸ ನೀಲಿ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹೆಗಲಿಗೆ ಬ್ಯಾಗು ಹಾಕಿಕೊಂಡು, ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು. ಮೇಷ್ಟ್ರು ತಬ್ಬಿಬ್ಬಾದರು.

"ತಾಯಿ, ದಿನಾ ಮನೆಯಲ್ಲಿ ಇರೋ ಹಾಗೇ ಇದ್ದಿದ್ರೆ ಚೆನ್ನಾಗಿತ್ತು."

"ಆಚೆ ತಿಂಗ್ಳು ಪೇಟದವರನ್ನ ಹಾಕಿದ್ರಂತಲ್ಲ, ಅವ್ರು ದಿನಾ ಮನೇಲಿ ಪೇಟ ಇಟ್ಕಂಡೇ ಇರ್ತಾರಾ ಸಾರ್?"

ಮೇಷ್ಟ್ರು ಸೀರೆಯ ಮಾತು ಬಿಟ್ಟರು. ಮರದ ಕೆಳಗಾದರೂ ನಿಲ್ಲಿಸೋಣ ಅಂತ ನೋಡಿದರು. ಬಿಸಿಲಿನ ದಿಕ್ಕು ಸರಿಯಿಲ್ಲ, ಆ ಕಡೆ ಬನ್ನಿ, ಈ ಕಡೆ ಬನ್ನಿ, ನಗಬೇಡಿ ಅಂತ ಹೇಳುತ್ತಲೇ ಇದ್ದರು. ಆಕೆ ಸ್ವಲ್ಪ ಹೊತ್ತು ಸಹಿಸಿಕೊಂಡು ಕೊನೆಗೆ ಹೇಳಿದರು: "ಸಾರ್, ಮೊದ್ಲು ನಂದು ತಗೀರಿ. ಮರದ್ದು ನಿಧಾನಕ್ಕೆ ತಗೀರಿ, ಅದೆಲ್ಲೂ ಹೋಗಲ್ಲ. ನಂಗೆ ಬಸ್ಸದೆ."

ನಾನು ಆ ಮಾತಿಗೆ ನಕ್ಕೆ, ನಾನು ನಕ್ಕಿದ್ದು ನೋಡಿ ಆಕೆಯೂ ನಕ್ಕರು, ಅದೇ ಕ್ಷಣಕ್ಕೆ ಮೊಬೈಲ್ ಒತ್ತಿದೆ. ಅಷ್ಟು ಚೆಂದದ ಮುಖಪುಟ ನಾನು ಮಾಡಿದ್ದೇ ಇಲ್ಲ. ಪೇಪರ್ ಅಂಗಡಿಯವನೂ ನೋಡಿ, "ಇದು ಪರ್ವಾಗಿಲ್ಲ" ಅಂದು ಎರಡನೆಯ ಹಗ್ಗಕ್ಕೆ ಬಡ್ತಿ ಕೊಟ್ಟ. ಮೇಷ್ಟ್ರು ಆ ದಿನ ಬಸ್ಸು ತಪ್ಪಿಸಿಕೊಂಡು ಅದನ್ನೇ ನೋಡುತ್ತಾ ನಿಂತಿದ್ದರು. ಮುಂದಿನ ಹಗ್ಗಕ್ಕೆ ಇನ್ನು ಒಂದೇ ಮೆಟ್ಟಿಲು, ಯುಗಾದಿಗೆ ಇನ್ನು ಒಂದೇ ಸಂಚಿಕೆ.

ಮುಂದಿನ ಹಗ್ಗ

ಆ ಕೊನೆಯ ಸಂಚಿಕೆಗೆ ಮೇಷ್ಟ್ರು ಆರಿಸಿದ್ದು ಕೆ.ಆರ್. ನಗರದ ಒಬ್ಬ ಹಿರಿಯ ವಿದ್ವಾಂಸರನ್ನು. ಹುಣಸೂರಿನ ಶಾಲೆಗಳಲ್ಲೂ ಬಹಳ ಕಾಲ ಸಂಗೀತ ಪಾಠ ಹೇಳಿದವರು. ನಮ್ಮೂರಲ್ಲಿ ಅವರ ಗುರುತಿಲ್ಲದ ಮನೆಯಿಲ್ಲ, ಅವರ ಕಚೇರಿ ಪೂರ್ತಿ ಕೇಳಿದ ಮನೆಯೂ ಇಲ್ಲ. ಅವರು ಒಂದು ರಾಗ ಹಿಡಿದರೆ ಸುಲಭಕ್ಕೆ ಬಿಡುವವರಲ್ಲ.

"ಈ ಸಲ ಪ್ರಯೋಗ ಬೇಡಮ್ಮ. ಶಾಸ್ತ್ರೀಯ ಪದ್ಧತಿ ಹೇಗಿದೆಯೋ ಹಾಗೇ" ಅಂದರು ಮೇಷ್ಟ್ರು.

ಪದ್ಧತಿಯಂತೆ ಕಣ್ಣು ಮುಚ್ಚಿದ ಫೋಟೋ ಹಾಕಿದೆ. ಬಣ್ಣ ಬೇಡ, ಕಪ್ಪು ಬಿಳುಪಿನಲ್ಲಿ ಘನತೆ ಇರುತ್ತದೆ ಅಂದರು, ಹಾಗೇ ಮಾಡಿದೆ. ಚೌಕ ಬೇಡ, ಮೊಟ್ಟೆಯಾಕಾರದ ಚೌಕಟ್ಟು ಚೆನ್ನ ಅಂದರು. ಸನ್ಮಾನದ ದಿನ ತೆಗೆದ ಫೋಟೋ ಆದ್ದರಿಂದ ಕೊರಳಲ್ಲಿ ಹಾರ ಇದ್ದೇ ಇತ್ತು. ಪಕ್ಕದಲ್ಲಿ ಮಂಗಳಕರವಾಗಿ ಒಂದು ದೀಪ ಇರಲಿ ಅಂದರು, ಇಟ್ಟೆ. ಇಂಥದ್ದನ್ನು ಎಲ್ಲೋ ನೋಡಿದ್ದೇನಲ್ಲ ಅಂತ ನನಗೆ ಅನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

ಬೆಳಿಗ್ಗೆ ಪತ್ರಿಕೆ ಅಂಗಡಿಗೆ ಹೋಯಿತು. ಮಧ್ಯಾಹ್ನದೊಳಗೆ ಅಂಗಡಿಯವನ ಫೋನು ಬಂತು. "ಮೇಷ್ಟ್ರೇ, ಎಲ್ಲಾ ಖಾಲಿ! ಇನ್ನೊಂದ್ ಕಟ್ಟು ತಂದ್ಬುಡಿ. ಮುಂದಿನ್ ಅಗ್ಗುಕ್ಕೇ ಆಕಿವ್ನಿ."

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನನ್ನ ಅಂಗಡಿಯಲ್ಲೇ ಕೂತು ಎಲ್ಲರಿಗೂ ಕಾಫಿ ತರಿಸಿದರು. "ನೋಡಿದೆಯೇನಮ್ಮ, ಶಾಸ್ತ್ರೀಯ ಸಂಗೀತಕ್ಕೆ ಜನ ಇದ್ದಾರೆ!" ಅಂತ ಹೇಳಿದ್ದನ್ನೇ ಹೇಳಿದರು. ನನಗೂ ಮನಸ್ಸು ತುಂಬಿ ಬಂದಿತ್ತು. ಕಾಫಿ ಆರುವ ಮೊದಲೇ ಮತ್ತೆ ಫೋನು. ಈ ಸಲ ವಿದ್ವಾಂಸರೇ.

"ಮೇಷ್ಟ್ರೇ, ನಮ್ಮ ಮನೆ ಮುಂದೆ ಯಾರೋ ಬಂದು ಶಾಮಿಯಾನ ಹಾಕ್ತಾ ಇದ್ದಾರೆ. ಕುರ್ಚಿನೂ ಇಳಿಸ್ತಾ ಇದ್ದಾರೆ. ಕಚೇರಿ ಏನಾದರೂ ಇಟ್ಟುಕೊಂಡಿದ್ದೀರಾ? ನನಗೆ ಹೇಳಲೇ ಇಲ್ಲವಲ್ಲ!"

ಆಗ ಹೊಳೆಯಿತು ನನಗೆ. ಮೊಟ್ಟೆಯಾಕಾರ, ಹಾರ, ದೀಪ, ಕಪ್ಪು ಬಿಳುಪು. ವಾರಕ್ಕೊಂದಾದರೂ ನನ್ನ ಅಂಗಡಿಯಿಂದ ಹೋಗುವ ಶ್ರದ್ಧಾಂಜಲಿ ಫ್ಲೆಕ್ಸ್! ಯಾರೋ ಮುಖಪುಟದ ಫೋಟೋ ಹೊಡೆದು, ಕೈಮುಗಿದ ಗುರುತು ಹಾಕಿ ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಒಳಗೇನಿದೆ ಅಂತ ಯಾರು ಓದುತ್ತಾರೆ?

ಇಬ್ಬರೂ ಬಸ್ಸು ಹತ್ತಿ ಕೆ.ಆರ್. ನಗರಕ್ಕೆ ಓಡಿದೆವು. ಶಾಮಿಯಾನ ತುಂಬ ಜನ. ಹಳೆಯ ಶಿಷ್ಯೆಯರು, ನೆಂಟರು, ಪಿರಿಯಾಪಟ್ಟಣದ ಬೀಗರು. ಕೆಲವರ ಕೈಯಲ್ಲಿ ಹಾರ. ವಿದ್ವಾಂಸರು ಜಗಲಿಯ ಮೇಲೆ ನಿಂತು ಬಂದವರಿಗೆಲ್ಲ ನಮಸ್ಕಾರ ಮಾಡುತ್ತಿದ್ದರು. ಜನ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರು. ವಿದ್ವಾಂಸರ ಹೆಂಡತಿ ನಮ್ಮಿಬ್ಬರನ್ನು ನೋಡಿದ ನೋಟವನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಮೇಷ್ಟ್ರು ಕಾಲಿಗೆ ಬೀಳಲು ಹೋದರು. ವಿದ್ವಾಂಸರು ತಡೆದರು. ಅವರ ಕಣ್ಣು ಶಾಮಿಯಾನದ ಮೇಲಿತ್ತು. "ಇರಲಿ ಬಿಡಿ ಮೇಷ್ಟ್ರೇ. ಇಷ್ಟು ಜನರನ್ನ ನಾನು ಬದುಕಿರೋವಾಗ ಒಟ್ಟಿಗೆ ನೋಡಿರಲಿಲ್ಲ. ಪಾಪ, ದೂರದಿಂದ ಬಂದಿದ್ದಾರೆ, ಹಾಗೇ ಕಳಿಸೋದು ಸರಿಯಲ್ಲ. ತಂಬೂರಿ ತಗೊಂಬನ್ನಿ."

ಜಗಲಿಯ ಮೇಲೆಯೇ ಕೂತು, ಕಣ್ಣು ಮುಚ್ಚಿ, ಕೈ ಎತ್ತಿ ಹಾಡತೊಡಗಿದರು. ನಿಜ ಹೇಳುತ್ತೇನೆ, ಅಷ್ಟು ಸೊಗಸಾಗಿ ಹಾಡಿದ್ದನ್ನು ನಾನು ಕೇಳಿಲ್ಲ. ಸೊಗಸಿನ ಜೊತೆಗೆ ಬಹಳ ಹೊತ್ತೂ ಹಾಡಿದರು. ಮುಗಿಸಿ ಕಣ್ಣು ಬಿಟ್ಟರೆ ಎದುರಿಗೆ ಇದ್ದವರು ಮೇಷ್ಟ್ರು, ನಾನು, ಮತ್ತು ಹಗ್ಗ ಬಿಚ್ಚಲು ಕಾಯುತ್ತಿದ್ದ ಶಾಮಿಯಾನದವನು.

"ಎಲ್ಲ ಎಲ್ಲಿ ಹೋದರು? ಒಬ್ಬರಾದರೂ ಹೇಳಿ ಹೋಗಬಾರದಾ?" ಅಂದರು ವಿದ್ವಾಂಸರು.

ಶಾಮಿಯಾನದವನು ಬಹಳ ವಿನಯದಿಂದ ಹೇಳಿದ: "ಸಾವಿನ್ ಮನೆಯಿಂದ ಏಳ್ಬುಟ್ಟು ಓಗಬಾರ್ದಲ್ವಾ ಸ್ವಾಮಿ? ಅದುಕ್ಕೇ ಸುಮ್ನೆ ಎದ್ದೋದ್ರು."

ವಿದ್ವಾಂಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಅವರ ಹೆಂಡತಿಯೂ ನಕ್ಕು ನಮಗೆ ತಿಂಡಿ ಕೊಟ್ಟರು.

ಆದರೆ ಮೇಷ್ಟ್ರು ಗಣಿತದವರು, ತಪ್ಪು ಉತ್ತರಕ್ಕೆ ಅಂಕ ತೆಗೆದುಕೊಳ್ಳುವುದು ಅವರಿಗೆ ಆಗದು. ಮಾರನೆಯ ದಿನ ಪೇಪರ್ ಅಂಗಡಿಯ ಮುಂದೆ ನಿಂತರು. ಮುಂದಿನ ಹಗ್ಗದಲ್ಲಿ, ಸಿನಿಮಾ ಪತ್ರಿಕೆಗೂ ರಾಶಿ ಭವಿಷ್ಯಕ್ಕೂ ನಡುವೆ, ಅವರ ಪತ್ರಿಕೆ ಗಾಳಿಗೆ ಅಲುಗಾಡುತ್ತಿತ್ತು. ಅದನ್ನು ಕಣ್ತುಂಬ ನೋಡಿಕೊಂಡು, ನಡೆದದ್ದೆಲ್ಲವನ್ನೂ ಹೇಳಿಬಿಟ್ಟರು. ವಿದ್ವಾಂಸರು ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಪತ್ರಿಕೆ ಹಗ್ಗದಿಂದ ತೆಗೆದುಬಿಡು, ಮುಂದಿನ ಸಂಚಿಕೆಯಲ್ಲಿ ಅವರು ಬದುಕಿದ್ದಾರೆ ಅಂತ ದೊಡ್ಡದಾಗಿ ಹಾಕುತ್ತೇನೆ ಅಂದರು.

ಅಂಗಡಿಯವನು ಆ ಕಡೆ ಈ ಕಡೆ ನೋಡಿದ. ಯಾರೂ ಕೇಳಿಸಿಕೊಂಡಿಲ್ಲ ಅಂತ ಖಾತ್ರಿಯಾದ ಮೇಲೆ, ಕ್ಲಿಪ್ಪನ್ನು ಇನ್ನೂ ಬಿಗಿಮಾಡಿ, ಮೇಷ್ಟ್ರ ಕಿವಿಯ ಹತ್ತಿರ ಬಾಗಿ ಹೇಳಿದ:

"ಬದ್ಕಿರದ್ನ ಒಳಗಿನ್ ಪುಟದಲ್ಲಿ ಆಕಿ ಮೇಷ್ಟ್ರೇ. ಮುಖಪುಟುಕ್ಕೆ ಬ್ಯಾಡ."